ತಲೆಕಟ್ಟಿನ ತಾಪತ್ರಯ

ಕಾಚಿಗುಡದ ನಮ್ಮ ಓಣಿಯ ಕಿರಾಣಿ ಅಂಗಡಿಯ ಹುಡುಗ ನನ್ನ ಸಾಮಾನಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಒಂದು ಕಡೆ ತಿದ್ದಿದ. "ಅಂಕುಲ್, ಉಪ್ಪು ಕರೆಕ್ಟೇ. ಬೆಲ್ಲಂಕಿ ಸುನ್ನಾ ಪೆಟ್ಟಲೇದು. ತಲಕಟ್ಟುಲು ಅಸಲು ಲೇವು" ಅಂದ. ಉಪ್ಪು ಸರಿಯಾಗಿದೆ, ಬೆಲ್ಲದ ಕೊನೆಗೆ ಸೊನ್ನೆ ಇಟ್ಟಿಲ್ಲ, ತಲೆಕಟ್ಟಂತೂ ಒಂದಕ್ಕೂ ಇಲ್ಲ ಎಂಬುದು ಅವನ ದೂರು. ನಾನು ಬರೆದದ್ದು ಕನ್ನಡ, ಅವನು ಓದಿದ್ದು ತೆಲುಗು. ಅದೂ ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಯಾವನೋ ಪಾಪದವನ ತೆಲುಗು ಅಂತ ಕನಿಕರದಿಂದ ಓದಿದ್ದ. ಇದು ಕನ್ನಡ ಕಣಪ್ಪಾ ಎಂದರೆ, "ಪರವಾಲೇದು ಅಂಕುಲ್, ಅರ್ಥಂ ಅಯಿಂದಿ" ಎಂದು ನನಗೇ ಸಮಾಧಾನ ಹೇಳಿ ಬೆಲ್ಲ ತೂಗಲು ಹೋದ.

ಅದೇ ವಾರ ಕಲಬುರಗಿ ಕಡೆಯ ನಮ್ಮೂರು ಸೇಡಂನಿಂದ ಕಾಕಾನ ಫೋನು ಬಂತು. ಕಾಕಾ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದವ. ನಿವೃತ್ತಿಯಾದದ್ದು ಸಂಬಳದಿಂದ ಮಾತ್ರ. ಹೊಲದ ಕಾಗದಗಳ ಜತೆ ನಾನು ಇಟ್ಟು ಕಳಿಸಿದ್ದ ಅರ್ಧ ಹಾಳೆಯ ಓಲೆಯನ್ನು ಓದಿದ್ದ. "ಯಾಕೋ ತಮ್ಮಾ, ನಿನ್ನ ಅಕ್ಷರಕ್ಕೆಲ್ಲಾ ಜುಟ್ಟು ಬಂದಾವಲ್ಲೋ? ನಿನ್ನ ನ, ಮ, ಸ ಎಲ್ಲಾ ಕೂಡಿ ಮುಂಜಿ ಮಾಡ್ಕೊಂಡಾವೇನು?"

ಅಂಗಡಿಯವನ ಪ್ರಕಾರ ನನ್ನ ಅಕ್ಷರ ಬೋಳು. ಕಾಕಾನ ಪ್ರಕಾರ ಅದಕ್ಕೆ ಜುಟ್ಟು. ಮೂವತ್ತೇಳು ವರ್ಷ ಹೈದರಾಬಾದಿನಲ್ಲಿದ್ದು ನಾನು ಸಂಪಾದಿಸಿದ ಕೈಬರಹ ಇದು.

ಸಂಗತಿ ಇಷ್ಟೇ. ಕನ್ನಡ, ತೆಲುಗು ಎರಡಕ್ಕೂ ಒಂದು ಕಾಲದಲ್ಲಿ ಒಂದೇ ಲಿಪಿ. ಶಾಸನ ಓದುವವರು ಅದನ್ನು ಕನ್ನಡ-ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಆಮೇಲೆ ಅಣ್ಣತಮ್ಮಂದಿರು ಪಾಲಾದರು. ಪಾಲಾಗುವಾಗ ಕನ್ನಡ ತಲೆಯ ಮೇಲೆ ಅಡ್ಡಗೆರೆಯ ಪೇಟ ಸುತ್ತಿಕೊಂಡಿತು. ತೆಲುಗು, ಮಾಸ್ತರರು ಲೆಕ್ಕ ಸರಿಯಾದಾಗ ಹಾಕುವ ರೈಟ್ ಗುರುತನ್ನೇ ತಲೆಗಿಟ್ಟುಕೊಂಡಿತು. ಎರಡರ ಹೆಸರೂ ತಲೆಕಟ್ಟೇ. ಖ, ಜ, ಣ, ಬ, ಲ ಮೊದಲಾದವು ತಲೆಗೆ ಏನೂ ಕಟ್ಟದ ಸನ್ಯಾಸಿಗಳು. ಅವಕ್ಕೆ ಆಸ್ತಿಯಿಲ್ಲ, ಜಗಳವಿಲ್ಲ, ಗಡಿಯ ಹತ್ತಿರದ ತಾಂಡೂರು ದಾಟಿ ಆಚೆ ಈಚೆ ಹಾಗೆಯೇ ಓಡಾಡುತ್ತವೆ. ಕ ಅಂತೂ ಹಟಮಾರಿ. ಅದು ಆ ಕಡೆ ಒಂದು ಮುಖ, ಈ ಕಡೆ ಇನ್ನೊಂದು ಮುಖ ಮಾಡಿಕೊಂಡಿದೆ. ಉಳಿದವರಲ್ಲಿ ಬಹಳ ಮಂದಿ ಕೈ ಸ್ವಲ್ಪ ಸಡಿಲವಾದರೆ ಪಕ್ಷ ಬದಲಿಸುವವರು. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಕರೆಂಟು ಬಿಲ್ಲು ಎಲ್ಲವೂ ರೈಟ್ ಗುರುತಿನದೇ ಆದರೆ ನನ್ನ ಬಡ ಬೆರಳು ಎಷ್ಟು ದಿನ ತಡೆದೀತು?

ಹಿಂದೆ ಇದರಿಂದ ಲಾಭವೂ ಇತ್ತು ಅನ್ನಿ. ಅವ್ವ ಸೇಡಂನಿಂದ ಪೋಸ್ಟ್‌ಕಾರ್ಡಿನಲ್ಲಿ ವಿಳಾಸವನ್ನೂ ಕನ್ನಡದಲ್ಲೇ ಬರೆಯುತ್ತಿದ್ದಳು. ನಮ್ಮ ಪೋಸ್ಟ್‌ಮ್ಯಾನು ಅಪ್ಪಟ ತೆಲುಗಿನವ. ಕಾರ್ಡನ್ನು ತುಸು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಇಲ್ಲದ ಜುಟ್ಟುಗಳನ್ನು ಮನಸ್ಸಿನಲ್ಲೇ ಇಟ್ಟು ಓದಿ ತಂದುಕೊಡುತ್ತಿದ್ದ. ವಿಳಾಸ ಮಾತ್ರ ಓದುತ್ತಿದ್ದ ಎಂದು ನಾನು ನಂಬಿದ್ದೆ. ಒಂದು ದಿನ ಬಾಗಿಲಲ್ಲೇ, "ಆವು ಈನಿಂದಂಟ, ದೂಡ ಪುಟ್ಟಿಂದಿ" ಎಂದು ಆಕಳು ಕರು ಹಾಕಿದ ಸುದ್ದಿಯನ್ನು ಅವನೇ ಹೇಳಿದ ಮೇಲೆ ನಂಬಿಕೆ ಹೋಯಿತು.

ನನ್ನ ಅವಸ್ಥೆ ನೋಡಲಾರದೆ ಮಗಳು ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟಳು. "ಇದ್ರಾಗ ಜುಟ್ಟು ಬರೂದಿಲ್ಲಪ್ಪಾ" ಅಂದಳು. ನಿಜ. ಯಂತ್ರಕ್ಕೆ ನೆರೆಹೊರೆಯ ಮರುಳು, ದಾಕ್ಷಿಣ್ಯ ಯಾವುದೂ ಇಲ್ಲ. ಯೂನಿಕೋಡ್ ಎಂಬ ಲೋಕದ ನಗರಸಭೆಯಲ್ಲಿ ತೆಲುಗಿಗೆ 3072ರಿಂದ 3199ರವರೆಗಿನ ಮನೆಗಳು, ಕನ್ನಡಕ್ಕೆ 3200ರಿಂದ 3327. ತಲಾ 128. ಪಕ್ಕಪಕ್ಕದ ಓಣಿಯೇ, ಆದರೆ ನಡುವೆ ಗೋಡೆ ಗಟ್ಟಿ. ಹೈದರಾಬಾದಿನ ಮನೆ ನಂಬರು ನೋಡಿದವರಿಗೆ ಈ ಅಚ್ಚುಕಟ್ಟಿನ ಬೆಲೆ ಗೊತ್ತಾಗುತ್ತದೆ. ನಮ್ಮದರಲ್ಲಿ ಮೂರು ಅಡ್ಡಗೆರೆ, ಒಂದು ಓರೆಗೆರೆ, ಕೊನೆಗೊಂದು ಎ; ಪಕ್ಕದ ಮನೆಯ ನಂಬರು ಇನ್ನಾವುದೋ ಪೇಟೆಯಲ್ಲಿ ಮುಗಿಯುತ್ತದೆ.

ಆದರೆ ಜುಟ್ಟು ಹೋಯಿತೆಂದು ಹಿಗ್ಗುವಷ್ಟರಲ್ಲಿ ಬೇರೆ ರೋಗ ಹತ್ತಿತು. ನನ್ನದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಕೀಲಿಮಣೆ. ಕಾಕಾ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಬಂದಾಗ ಗಾಬರಿಯಲ್ಲಿ "ಕಾಕಾ, ಕಾಲು ಹ್ಯಾಂಗದ?" ಎಂದು ಬರೆದು ಕಳಿಸಿದೆ. ಹೋದದ್ದು "ಕಾಕಾ, ಕಾಳು ಹ್ಯಾಂಗದ?" ಅರ್ಧ ತಾಸಿಗೆ ಉತ್ತರ ಬಂತು: "ತೊಗರಿ ಕಾಳು ಈ ವರ್ಷ ಸುಮಾರದ, ಮಳಿ ಕೈಕೊಟ್ಟದ. ಅದನ್ನ ಕೇಳಾಕ ನಿನಗ ಇದೇ ಹೊತ್ತು ಸಿಕ್ತೇನು? ನನ್ನ ಕಾಲು ಮುರಿದಾದ." ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ನಿಜ, ಹಾಗೆಂದು ಅಣ್ಣನ ಮಗ ಅದಕ್ಕಾಗಿ ಕಾಲನ್ನು ಕಡೆಗಣಿಸಬಾರದು. ಕೈಯಲ್ಲಿ ಬರೆದಿದ್ದರೆ ಜುಟ್ಟಿನ ಲ ಬರೆಯುತ್ತಿದ್ದೆನೇನೋ (ಲಕ್ಕೆ ಜುಟ್ಟೇ ಇಲ್ಲ, ಅದೂ ಆಗುತ್ತಿರಲಿಲ್ಲ), ಆದರೆ ಳ ಬರೆಯುತ್ತಿರಲಿಲ್ಲ. ಕೈ ತಪ್ಪಿದರೆ ಅಕ್ಷರ ಸೊಟ್ಟಗಾಗುತ್ತದೆ. ಟೈಪು ತಪ್ಪಿದರೆ ಮುದ್ದಾದ ಅಕ್ಷರದಲ್ಲಿ ಬೇರೆಯೇ ಮಾತು ಹೋಗುತ್ತದೆ.

ಯಂತ್ರಗಳೂ ಅಂಥ ಗಟ್ಟಿಗರೇನಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು 'ಜ್ಞಾ' ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪುಗಳು ಕಣ್ಣು ಮೇಲೆ ಮಾಡಿಕೊಂಡು ಬೀಳುತ್ತಿದ್ದವು. ಕಂಪನಿಯವರು ಹೊಸ ಅಪ್‌ಡೇಟ್ ಕಳಿಸಿ ಎಬ್ಬಿಸಬೇಕಾಯಿತು. ಪಕ್ಕದ ಓಣಿಯ ನಮ್ಮ ಜ್ಞಾನಕ್ಕೆ ಆ ಅಪವಾದ ಬರಲಿಲ್ಲ. ನಮ್ಮ ಜ್ಞಾನದಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಕಾಕಾ ಅಂದ.

ಕೈಬರಹದ ಮರ್ಯಾದೆ ಪೂರ್ತಿ ಹೋದದ್ದು ಬ್ಯಾಂಕಿನಲ್ಲಿ. ಯಾವ ಬ್ಯಾಂಕು ಎಂದು ಹೇಳುವುದಿಲ್ಲ, ದುಡ್ಡು ಇನ್ನೂ ಅಲ್ಲೇ ಇದೆ. ಖಾತೆ ತೆರೆದಾಗ ಹಾಕಿದ ಕನ್ನಡ ಸಹಿ ಅವರ ಕಂಪ್ಯೂಟರಿನಲ್ಲಿದೆ. ಊರಿನಿಂದ ಆಗಷ್ಟೇ ಬಂದ ಹುಡುಗನ ಅಡ್ಡಗೆರೆಯ ಸಹಿ. ಮೊನ್ನೆ ಚೆಕ್ಕಿನ ಮೇಲೆ ಹಾಕಿದ್ದು ಜುಟ್ಟಿನ ಸಹಿ. ಕೌಂಟರಿನ ಹುಡುಗಿ ಎರಡನ್ನೂ ನೋಡಿ, "ಸೈನ್ ಮ್ಯಾಚ್ ಅವ್ವಟ್ಲೇದು ಸರ್" ಅಂದಳು. ಮೂರು ಸಲ ಹಾಕಿದೆ. ನನ್ನ ಸಹಿಯನ್ನು ನಾನೇ ನಕಲು ಮಾಡಲು ಹೋಗಿ ಕಳ್ಳನ ಹಾಗೆ ಬೆವೆತೆ. ಕೊನೆಗೆ ಆಕೆ ಸಣ್ಣ ಕರಿ ಡಬ್ಬಿಯೊಂದನ್ನು ಮುಂದೆ ತಳ್ಳಿ, "ಥಂಬ್ ಪೆಟ್ಟಂಡಿ" ಅಂದಳು. ಇಟ್ಟೆ. ಹಸಿರು ದೀಪ ಹತ್ತಿತು.

ದಾರಿಯುದ್ದಕ್ಕೂ ಅಜ್ಜ ನೆನಪಾದ. ಅಜ್ಜ ಹೆಬ್ಬೆಟ್ಟಿನವ. ಅಪ್ಪ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿ ಬಲದಿಂದ ಎಡಕ್ಕೆ ಸಹಿ ಮಾಡುತ್ತಿದ್ದ. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ರಾಜ್ಯ ಹೋಗುವಾಗ ಕಾಕಾ ಇನ್ನೂ ಸಣ್ಣವ, ಅವನು ಕಲಿತದ್ದು ಕನ್ನಡ. ಹೀಗಾಗಿ ಮನೆಯ ಖಾತೆ ಪುಸ್ತಕದಲ್ಲಿ ಅಪ್ಪ ಒಂದು ತುದಿಯಿಂದ ಖರ್ಚು ಬರೆದರೆ ಕಾಕಾ ಇನ್ನೊಂದು ತುದಿಯಿಂದ ಬರೆಯುತ್ತಿದ್ದ. ಇಬ್ಬರೂ ನಡುವಿನ ಪುಟದಲ್ಲಿ ಸಂಧಿಸಿದಾಗ ಹೊಸ ಪುಸ್ತಕ. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಪ್ಪ ತಮ್ಮನ ಹತ್ತಿರ ಕೂತು ಕನ್ನಡ ಸಹಿ ಕಲಿತ. ನಾನು ಪೆನ್ನು, ನಿಬ್ಬು ಅಂತ ಮೆರೆದೆ. ಮಗಳು ಬರೆಯುವುದೆಲ್ಲ ಫೋನಿನಲ್ಲಿ, ಎರಡು ಹೆಬ್ಬೆರಳಿನಲ್ಲಿ. ಮೂರು ತಲೆಮಾರು ಓದಿ ನಮ್ಮ ಮನೆತನ ಹೆಬ್ಬೆಟ್ಟಿಗೇ ಬಂದು ನಿಂತಿದೆ. ಅಜ್ಜನದು ಒಂದೇ ಹೆಬ್ಬೆಟ್ಟು. ಇವಳದು ಎರಡು, ಅದೊಂದು ಪ್ರಗತಿ.

ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಗೆ ಛತ್ತಾ ಬಜಾರಕ್ಕೆ ಹೋದೆ. ಹಳೆ ಶಹರದ ಆ ಗಲ್ಲಿಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡು ಬರೀ ಮದುವೆ ಕಾರ್ಡು. ನಾನು ಹೋದ ಅಂಗಡಿಯ ಹುಡುಗನಿಗೆ ಉರ್ದು, ತೆಲುಗು, ಇಂಗ್ಲಿಷ್ ಬರುತ್ತಿತ್ತು. "ಕನ್ನಡೀ? ಹೋ ಜಾತಾ ಸಾಬ್, ಕಾಯ್ಕು ಟೆನ್ಷನ್ ಲೇತೇ" ಅಂದ. ಫೋನಿನಲ್ಲಿ ಟೈಪು ಮಾಡಿಟ್ಟಿದ್ದ ಒಕ್ಕಣೆ ಕಳಿಸಿದೆ. ಅವನ ಹಳೆಯ ಸಾಫ್ಟ್‌ವೇರಿಗೆ ಒತ್ತಕ್ಷರವೆಂದರೆ ಆಗದು. ಮರುದಿನದ ಪ್ರೂಫಿನಲ್ಲಿ "ಆಹ್ ವಾನ ಪತ್ ರಿಕೆ" ಎಂದಿತ್ತು. ಕೆಳಗೆ "ಸುಮುಹೂರ್ ತ". ಓದಿದರೆ ಉಬ್ಬಸ ಬಂದವರು ಕರೆದ ಹಾಗೆ. ನಾನು ಕೆಂಪು ಪೆನ್ನಿನಲ್ಲಿ ಒತ್ತುಗಳನ್ನೆಲ್ಲ ಕೆಳಗೆ ಎಳೆದು ತೋರಿಸಿದೆ. ಅವನು ಪ್ರಾಮಾಣಿಕ, ನಾನು ಎಳೆದ ಕೆಂಪು ಗೆರೆಗಳನ್ನೂ ಸೇರಿಸಿ ಎರಡನೇ ಪ್ರೂಫು ತೆಗೆದ.

ಮೂಲೆಯಲ್ಲಿ ಮುದುಕರೊಬ್ಬರು ಬಿದಿರಿನ ಕಲಮನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸುತ್ತ ಇದನ್ನೆಲ್ಲ ನೋಡುತ್ತಿದ್ದರು. ಕಾತಿಬರು. ಉರ್ದು ಪತ್ರಿಕೆಗಳನ್ನು ಪೂರಾ ಕೈಯಲ್ಲೇ ಬರೆದು ಅಚ್ಚಿಗೆ ಕೊಡುತ್ತಿದ್ದ ಕಾಲದವರು. ಉರ್ದುವಿನ ನಸ್ತಾಲೀಕ್ ಬರಹ ಇಳಿಜಾರಿನದು, ಅಚ್ಚಿನ ಮೊಳೆಗೆ ಬಗ್ಗುತ್ತಿರಲಿಲ್ಲ. ಹಾಗಾಗಿ ಟೈಪ್‌ರೈಟರು ಬಂದರೂ ಅವರ ಅನ್ನಕ್ಕೆ ಕುತ್ತು ಬರಲಿಲ್ಲ. 1994ರಲ್ಲಿ ಇನ್‌ಪೇಜ್ ಎಂಬ ಸಾಫ್ಟ್‌ವೇರು ಬಂದ ಮೇಲೆ ಅವರ ಕಸುಬು ಕಂಪ್ಯೂಟರಿನ ಪಾಲಾಯಿತು. ಈಗ ಕಾರ್ಡಿನ ಮೇಲೆ ವಧೂವರರ ಹೆಸರು ಮಾತ್ರ ಬರೆಯುತ್ತಾರೆ, ಅದೂ ಕೇಳಿದವರಿಗೆ. ನನ್ನ ಪ್ರೂಫನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಮಷೀನ್ ಕೋ ಜೋಡ್ನಾ ನಹೀಂ ಆತಾ ಮಿಯಾಂ" ಎಂದರು. ಒಂದು ಹಾಳೆ ಎಳೆದುಕೊಂಡು ನನ್ನ 'ಶ್ರೀ'ಯನ್ನು, ಅರ್ಥ ಗೊತ್ತಿಲ್ಲದೆ, ಒಂದೇ ಉಸಿರಿನಲ್ಲಿ ಬರೆದರು. ಕಲಮು ಕರ್ ಅಂದಿತು. ದಪ್ಪ ಎಲ್ಲಿ ಬೇಕೋ ಅಲ್ಲಿ ದಪ್ಪ, ತೆಳು ಎಲ್ಲಿಯೋ ಅಲ್ಲಿ ತೆಳು. ಬರೆದದ್ದು ಬಲದಿಂದ ಎಡಕ್ಕೆ. ಅಂಥ ಶ್ರೀಯನ್ನು ನಾನು ಸೇಡಂನಲ್ಲಿಯೂ ನೋಡಿಲ್ಲ. ಅದನ್ನೇ ಕಾರ್ಡಿನ ತಲೆಗೆ ಹಾಕಿಸಿದೆ.

ಉಳಿದ ಒಕ್ಕಣೆಗೆ ಹುಡುಗನ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡದ ಸಾಫ್ಟ್‌ವೇರು ಹಾಕಿ ನಾನೇ ಕೂತೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಅದರ ಆಧಾರ. ಒತ್ತು ಬೇಕಾದರೆ ಎಫ್ ಒತ್ತು, ಅಷ್ಟೇ ಮಂತ್ರ. ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿ ಮುಗಿಸುವಷ್ಟರಲ್ಲಿ ಎರಡು ಸಲ ಇರಾನಿ ಚಹಾ ಬಂತು.

ಲಕೋಟೆಯ ಮೇಲಿನ ಹೆಸರುಗಳನ್ನು ಮಾತ್ರ ಕೈಯಲ್ಲೇ ಬರೆಯಬೇಕೆಂದು ಮನೆಯಾಕೆಯ ಅಪ್ಪಣೆಯಾಯಿತು. "ಅಚ್ಚು ಹಾಕಿಸಿ ಕೊಟ್ರ ಕರೆಂಟ್ ಬಿಲ್ ಬಂದಾಂಗ ಆಗ್ತದ, ಯಾರು ಬರ್ತಾರ?" ಆಬಿಡ್ಸ್‌ಗೆ ಹೋಗಿ, 1928ರಿಂದ ಇರುವ ಡೆಕ್ಕನ್ ಪೆನ್ ಸ್ಟೋರ್ಸಿನಲ್ಲಿ ಹಳೆಯ ಇಂಕ್ ಪೆನ್ನಿಗೆ ಹೊಸ ಪ್ರಾಣ ಕೊಡಿಸಿ ತಂದೆ. ಲಕೋಟೆಯ ಮಿರುಗು ಕಾಗದದ ಮೇಲೆ ಶಾಯಿ ನಿಲ್ಲಲೇ ಇಲ್ಲ. ತಾವರೆ ಎಲೆಯ ನೀರಿನ ಹಾಗೆ ಉರುಳಿ ಮೊದಲ ಬೀಗರ ಹೆಸರು ಬಾಳೆಹಣ್ಣಿನ ಆಕಾರ ತಾಳಿತು. ಐದು ರೂಪಾಯಿಯ ಬಾಲ್ ಪೆನ್ನೇ ಕಾಪಾಡಿತು. ನೂರಾ ನಲವತ್ತು ಲಕೋಟೆ. ಮೊದಲ ನಲವತ್ತು ಎಚ್ಚರದಿಂದ ಪೇಟ ಸುತ್ತಿದೆ. ಎಪ್ಪತ್ತರ ಹೊತ್ತಿಗೆ ಮಣಿಕಟ್ಟು ಸೋತಿತು. ನೂರರ ಹೊತ್ತಿಗೆ ಯಾರಿಗೆ ಯಾವ ತಲೆಗೆ ಏನು ಕಟ್ಟಿದೆನೋ ದೇವರೇ ಬಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದ ಮನೆಯಾಕೆ ಒಂದನ್ನು ಎತ್ತಿ ಹಿಡಿದು, "ಇದು ನಮ್ಮ ವೈನಿಗೋ, ಇಲ್ಲಾ ಕೆಳಗಿನ ಮನಿ ರೆಡ್ಡಿಯವರಿಗೋ?" ಎಂದು ಕೇಳಿದಳು.

ಕಾಕಾನ ಲಕೋಟೆ ನೂರಾ ಹದಿನೇಳನೆಯದಾಗಿತ್ತು. ಅಂಚೆಯಲ್ಲಿ ಹೋಯಿತು. ವಾರದ ಮೇಲೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ನಾಲ್ಕು ಸುತ್ತು, ನಾಲ್ಕೂ ಜುಟ್ಟಿನ ಮೇಲೆ. ಬದಿಯಲ್ಲಿ ಮಾಸ್ತರ ಸಹಿ, ತಾರೀಕು. ಅದರ ಕೆಳಗೆ: "ಹತ್ತಕ್ಕೆ ಆರು. ಜುಟ್ಟಿಗೊಂದರಂತೆ ಕಳೆದಿದ್ದೇನೆ. ಒಳಗಿನ ಶ್ರೀ ಯಾರು ಬರೆದದ್ದು? ಅವರಿಗೆ ಹತ್ತಕ್ಕೆ ಹತ್ತು."