ಕವಳದ ಸಂಚಿಯಲ್ಲಿ ಉಪ್ಪಿನಕಾಯಿ

ಮಿರ್ಜಾನದ ನಮ್ಮ ಅಮ್ಮಮ್ಮ ಯಾರ ಮನೆಗೆ ಊಟಕ್ಕೆ ಹೊರಟರೂ ಕವಳದ ಸಂಚಿಯ ತಳದಲ್ಲಿ ಸಣ್ಣದೊಂದು ಬಾಟಲಿ ಇಟ್ಟುಕೊಳ್ಳುತ್ತಿದ್ದಳು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ. ಬಾಯಿಗೆ ಎಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೂ ರಸ ಸೋರಿ ಅಡಿಕೆಗೆಲ್ಲ ಇಂಗಿನ ವಾಸನೆ. ಮದುವೆಮನೆಯ ಬಾಳೆಲೆಯ ಮೇಲೆ ಎರಡು ಬಗೆಯ ಉಪ್ಪಿನಕಾಯಿ ಇದ್ದರೂ ಬಾಟಲಿ ಹೊರಗೆ ಬಂದೇ ಬರುತ್ತಿತ್ತು.

“ಇದೆಂತಕ್ಕೆ ಅಮ್ಮಮ್ಮ, ಇಲ್ಲೇ ಬಡಿಸಿದ್ದಾರಲ್ಲ?”

“ಇರಲಿ ಮಾಣಿ.”

ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ನಮ್ಮೂರಲ್ಲೇ ಇದೆ. ಆ ರಾಣಿಯೇ ಊಟಕ್ಕೆ ಕರೆದಿದ್ದರೂ ಅಮ್ಮಮ್ಮ ನಾಲ್ಕು ಕಾಳುಮೆಣಸು ಗಂಟು ಕಟ್ಟಿಕೊಂಡೇ ಹೋಗುತ್ತಿದ್ದಳು.

ಈ ಬಾಟಲಿ ಮತ್ತೆ ನೆನಪಾದದ್ದು ಮಲೇರಿಯದ ಬಗ್ಗೆ ಓದುವಾಗ. ಚಳಿಜ್ವರ ನಮ್ಮ ಜಿಲ್ಲೆಯ ಹಳೇ ನೆಂಟ. ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1946ರ ಸುಮಾರಿಗೆ, ಮಲೇರಿಯ ತಜ್ಞ ಡಿ.ಕೆ. ವಿಶ್ವನಾಥನ್ ನೇತೃತ್ವದಲ್ಲಿ ಇಲ್ಲಿ ಸೊಳ್ಳೆ ಕೊಲ್ಲಲು ಡಿಡಿಟಿ ಹೊಡೆಸಿದ್ದರು. ಹೊಡೆಯುವವರು ಬಂದರೆ ಅಮ್ಮಮ್ಮನ ಮನೆಯಿಂದ ಅಂಗಳಕ್ಕೆ ಮೊದಲು ಇಳಿಯುತ್ತಿದ್ದದ್ದು ಭರಣಿಗಳಂತೆ. ಮಕ್ಕಳು ಆಮೇಲೆ.

ನಾನು ಓದುತ್ತಿದ್ದದ್ದು ಹೀಮ್ ಬಗ್ಗೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಅದೇ. ನಡುವೆ ಕಬ್ಬಿಣ ಕೂರಿಸಿಕೊಂಡ ಪುಟ್ಟ ಉಂಗುರ. ಮಲೇರಿಯದ ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದಮೇಲೆ ಮಿಗುವ ಹೀಮ್ ಅದಕ್ಕೇ ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ಒಂದು ಕಡೆ ಒಟ್ಟುತ್ತದೆ. ಮಲೇರಿಯದ ಮದ್ದಾದ ಕ್ಲೋರೋಕ್ವಿನ್ ಮಾತ್ರೆ ಮಾಡುವ ಕಿತಾಪತಿಯೆಂದರೆ ಹರಳಾಗಲು ಬಿಡದಿರುವುದು.

ಹೀಮ್ ಚೆಲ್ಲಾಡುವ ಇಂಥ ಮನೆಯಲ್ಲಿದ್ದೂ ಈ ಜೀವಿ ತನ್ನ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ! 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಈ ಅಡುಗೆಮನೆಯನ್ನು ತೋರಿಸಿಕೊಟ್ಟರು. ಅದನ್ನು ಮುಚ್ಚಿಸಿದರೆ ಜ್ವರಕ್ಕೆ ಮದ್ದು ಸಿಕ್ಕೀತು ಎಂಬ ಆಸೆ ಹುಟ್ಟಿದ್ದು ಸಹಜವೇ.

2013ರಲ್ಲಿ ಪದ್ಮನಾಭನ್ ಮತ್ತು ಸಂಗಡಿಗರು ಒಲೆ ಆರಿಸಿಯೇ ನೋಡಿದರು. ಇಲಿಗಳ ಮಲೇರಿಯ ಪರಾವಲಂಬಿಯಿಂದ ಹೀಮ್ ಅಡುಗೆಯ ಮೊದಲ ಹಂತದ ಪ್ರೋಟೀನು ಅಲಾ ಸಿಂಥೇಸ್‌ನ ಜೀನನ್ನು ತೆಗೆದುಹಾಕಿದರು; ಬೇರೆಯಾಗಿ, ಕೊನೆಯ ಹಂತದ ಫೆರೋಕೆಲಟೇಸ್‌ನದ್ದನ್ನೂ. ರಕ್ತದಲ್ಲಿದ್ದಷ್ಟು ದಿನ ಪರಾವಲಂಬಿ ಆರಾಮಾಗಿ ಬೆಳೆಯಿತು. ಎಲೆ ತುಂಬ ಬಡಿಸಿದ್ದಾಗ ಬಾಟಲಿ ಮರೆತುಬಂದರೇನಂತೆ? ಪಜೀತಿ ಶುರುವಾದದ್ದು ಸೊಳ್ಳೆಯ ಒಳಗೆ. ಅಲ್ಲಿ ಬಡಿಸುವವರಿಲ್ಲ. ಸೊಳ್ಳೆಯ ಜೊಲ್ಲಿನೊಂದಿಗೆ ಇಲಿಯ ಮೈಸೇರಬೇಕಾದ ಸ್ಪೋರೋಜೊಯ್ಟ್ ಎಂಬ ಮರಿಗಳೇ ತಯಾರಾಗಲಿಲ್ಲ. ಪರಾವಲಂಬಿ ಇಲಿಯ ಮೈಯಲ್ಲಿ ಮೊದಲು ತಂಗುವ ಯಕೃತ್ತಿನಲ್ಲೂ ಸ್ವಂತ ಅಡುಗೆಯೇ ಬೇಕೆಂದು ಕಂಡಿತು. ಜ್ವರ ಬಿಡಿಸದಿದ್ದರೂ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದನ್ನು ಈ ಹಂತಗಳಲ್ಲಿ ತಡೆಯಬಹುದಲ್ಲ ಎಂಬುದು ಅವರ ಲೆಕ್ಕ. ನನಗಂತೂ ಇದೇನೂ ಸಣ್ಣ ಲೆಕ್ಕ ಅನ್ನಿಸುವುದಿಲ್ಲ.

ಒಂದು ಮಳೆಗಾಲ ಅಮ್ಮಮ್ಮನೊಂದಿಗೆ ಮುಂಬಯಿಗೆ ಹೊರಟಿದ್ದೆ. ಎಲ್ಲೋ ಗುಡ್ಡ ಕುಸಿದು ರೈಲು ಆರು ತಾಸು ನಿಂತಿತು. ಹೊರಗೆ ಮಳೆ, ಚಹಾ ಮಾರುವವನೂ ಇಲ್ಲ. ಎದುರು ಸೀಟಿನವರು ಬುತ್ತಿ ಬಿಚ್ಚಿದರು, ಬರೀ ಮೊಸರನ್ನ. ಅಮ್ಮಮ್ಮ ಕವಳದ ಸಂಚಿಗೆ ಕೈಹಾಕಿದಳು. ಎಲ್ಲರಿಗೂ ಒಂದೊಂದು ಮಿಡಿ ಹಂಚಿ, ಬಾಟಲಿ ಬೋರಲು ಹಾಕಿ ಕುಟ್ಟಿ, ಕೊನೆಗೆ ನನ್ನ ಕಡೆ ತಿರುಗಿದಳು.

“ನಿಂಗೆ ಇದೆಂತಕ್ಕೆ ಮಾಣಿ?”

ತೊಟ್ಟಿನ ಕಡೆಯ ಅರ್ಧ ಮಿಡಿ ಸಿಕ್ಕಿತು.