ಸಾಹೇಬ್ರ ಗಮನಕ್ಕೆ ತಂದೀನಿ

ಮರಳಿ, ಕಾರಟಗಿ, ತಾವರಗೇರಾ, ಹನುಮಸಾಗರ, ಕುಕನೂರು, ಯಾವ ಊರಲ್ಲಿ ಬಸ್ಸಿಳಿದರೂ ಒಗ್ಗರಣೆ-ಮಿರ್ಚಿ ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಫೋನು, ಹೆಗಲ ಮೇಲೊಂದು ಶಲ್ಯ. ಹುದ್ದೆ ಇಲ್ಲ, ಪಗಾರ ಇಲ್ಲ, ಆದರೂ ಪುರಸೊತ್ತು ಇಲ್ಲ. ಊರು ಅವರನ್ನು 'ಅಣ್ಣಾರು' ಅನ್ನುತ್ತದೆ. ಬೆಂಗಳೂರಿನ ಪತ್ರಿಕೆಗಳು 'ತಳಮಟ್ಟದ ಕಾರ್ಯಕರ್ತ' ಅನ್ನುತ್ತವೆ. ಅವರ ಮನೆಯವರು ಏನನ್ನುತ್ತಾರೋ ಅದನ್ನು ಅಚ್ಚು ಹಾಕಲು ಬರುವುದಿಲ್ಲ.

ಪ್ರಣಾಳಿಕೆ ಓದಿ ವೋಟು ಹಾಕಿದವರನ್ನು ನಾನು ನಮ್ಮ ಕಡೆ ಕಂಡಿಲ್ಲ. ಇಲ್ಲಿ ವೋಟು ಬೀಳುವುದು ಅಣ್ಣಾರ ನಾಲಗೆಯ ಮೇಲೆ. 2023ರ ಮೇ 10ರ ಮತದಾನಕ್ಕೆ ಮುಂಚೆ ಕಾಂಗ್ರೆಸ್ ಐದು ಗ್ಯಾರಂಟಿ ಘೋಷಿಸಿತ್ತು. ಆ ಪಕ್ಷದ ಅಣ್ಣಾರು ಓಣಿಗೆ ಬರುವಷ್ಟರಲ್ಲಿ ಅವು ಹದಿನೈದಾಗಿದ್ದವು. ಆರನೆಯದು ಸಿಸಿ ರಸ್ತೆ, ಏಳನೆಯದು ಮಾಸ್ತರ ಮಗನಿಗೆ ಕೆಇಬಿಯಲ್ಲಿ ನೌಕರಿ, ಎಂಟನೆಯದು ಗುಡಿಗೆ ತಗಡಿನ ಶೆಡ್ಡು. ಉಳಿದವು ಆಯಾ ಮನೆಯ ಕಷ್ಟ ನೋಡಿ ಅಲ್ಲೇ ಅಂಗಳದಲ್ಲಿ ಕೂಡಿಸಿದ್ದು. ಬೇರೆ ಪಕ್ಷಗಳ ಅಣ್ಣಾರೇನೂ ಹಿಂದೆ ಬೀಳಲಿಲ್ಲ. ಹಿಂದಿನ ಮನೆಯಲ್ಲಿ ಒಬ್ಬರು ಶೆಡ್ಡು ಅಂದಿದ್ದರೆ ಇವರು ಆರ್‌ಸಿಸಿ ಅಂದರು. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ಪಕ್ಷ ಬಿಡ್ರಿ, ನಾ ಅದೀನಲ್ಲ!"

ಮೇ 13ಕ್ಕೆ ಎಣಿಕೆ ಮುಗಿಯಿತು. ಗೆದ್ದ ಸಾಹೇಬರು ಬೆಂಗಳೂರಿಗೆ ಹೋದರು. ಊರಲ್ಲಿ ಉಳಿದವರು ಅಣ್ಣಾರು ಮತ್ತು ಅವರ 'ನಾ ಅದೀನಲ್ಲ'.

ಆಮೇಲೆ ಅವರ ನಡಿಗೆಯೇ ಬದಲಾಯಿತು. ಹನುಮಪ್ಪನ ಗುಡಿಕಟ್ಟೆ ಮುಂದಿನ ದಾರಿ ಬಿಟ್ಟು ಹಿತ್ತಲ ದಾರಿ ಹಿಡಿದರು. ಎದುರಿಗೆ ಮಾಸ್ತರು ಕಂಡರೆ ಫೋನು ತಾನಾಗಿ ಕಿವಿಗೇರುತ್ತದೆ. "ಹಾಂ ಸರ್, ಹೇಳ್ರಿ ಸರ್, ಅದs ವಿಷಯಕ್ಕ ಸರ್..." ಒಮ್ಮೆ ಹೀಗೆ ಸಾಹೇಬರ ಜೊತೆ ಗಹನವಾಗಿ ಮಾತಾಡುತ್ತಿರುವಾಗಲೇ ಕಿವಿಯಲ್ಲಿದ್ದ ಫೋನು ರಿಂಗಾಯಿತು. ಮಾಸ್ತರು ದೊಡ್ಡ ಮನುಷ್ಯ, ಆಕಾಶ ನೋಡಿದರು.

ತಪ್ಪಿಸಿಕೊಳ್ಳಲು ಆಗದಿದ್ದಾಗ ಅಣ್ಣಾರ ಹತ್ತಿರ ಮೂರು ಉತ್ತರ ಇವೆ. ಮೊದಲ ಆರು ತಿಂಗಳು "ಸಾಹೇಬ್ರ ಗಮನಕ್ಕೆ ತಂದೀನಿ." ಆಮೇಲೆ "ಫೈಲ್ ಮೂವ್ ಆಗೈತಿ." ಮೂರನೆಯದು ಬ್ರಹ್ಮಾಸ್ತ್ರ, ಅದನ್ನು ಚುನಾವಣಾ ಆಯೋಗವೇ ಒದಗಿಸುತ್ತದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಜಾರಿಯಾದ ದಿನ ಅಣ್ಣಾರ ಮುಖದ ಕಳೆ ನೋಡಬೇಕಿತ್ತು. ತಿಂಗಳುಗಟ್ಟಲೆ ಹಿತ್ತಲಲ್ಲಿ ಓಡಾಡಿದವರು ಅಂದು ಕಟ್ಟೆಯ ನಟ್ಟನಡುವೆ ಕೂತು, "ಇನ್ನೇನು ಗುದ್ದಲಿ ಪೂಜಾ ಇತ್ತು, ಹಾಳಾದ್ದು ಕೋಡ್ ಬಂತು ನೋಡ್ರಿ" ಎಂದು ಎಲ್ಲರಿಗೂ ಚಾ ಹೇಳಿದರು.

ಗಂಗಾವತಿಯ ಒಬ್ಬ ಅಣ್ಣಾರಿಗೆ ಇದಕ್ಕಿಂತ ಸಲೀಸಾದ ದಾರಿ ಸಿಕ್ಕಿತ್ತು. ಜನಾರ್ದನ ರೆಡ್ಡಿಯವರು 2022ರ ಡಿಸೆಂಬರಿನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, ಫುಟ್‌ಬಾಲ್ ಗುರುತಿನ ಮೇಲೆ ಅಲ್ಲಿಂದ ಗೆದ್ದರು. ಗೆದ್ದು ವರ್ಷ ತುಂಬುವುದರೊಳಗೆ, 2024ರ ಮಾರ್ಚಿನಲ್ಲಿ, ಪಕ್ಷವನ್ನು ಬಿಜೆಪಿಯಲ್ಲಿ ವಿಲೀನ ಮಾಡಿದರು. ಯಾರೋ ಹುಡುಗ ಹೋಗಿ ಆವತ್ತಿನ ಭರವಸೆ ಏನಾಯಿತೆಂದು ಈ ಅಣ್ಣಾರನ್ನು ಕೇಳಿದನಂತೆ. "ಪಕ್ಷನs ಉಳಿದಿಲ್ಲ, ಪ್ರಣಾಳಿಕೆ ಯಾರ್ನ ಕೇಳ್ತಿಯೋ ತಮ್ಮಾ?" ಎಂದು ಇವರು ಶಲ್ಯ ಕೊಡವಿದರು. ಕಾನೂನಿನ ಪ್ರಕಾರ ಇದಕ್ಕೆ ಉತ್ತರ ಇದ್ದರೂ ಇರಬಹುದು, ಹುಡುಗನ ಹತ್ತಿರ ಇರಲಿಲ್ಲ.

ನೀರಿನ ವಿಷಯಕ್ಕೆ ಬಂದರೆ ಮಾತ್ರ ಯಾವ ಅಣ್ಣಾರ ನಾಲಗೆಯೂ ತಿರುಗುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ನಷ್ಟ ತುಂಬಲು ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುತ್ತೇವೆಂದು ಹೇಳದ ಪಕ್ಷವಿಲ್ಲ. 2022ರ ಬಜೆಟ್ಟಿನಲ್ಲಿ ಬೊಮ್ಮಾಯಿಯವರು ಅದಕ್ಕೆ 1,000 ಕೋಟಿ ರೂಪಾಯಿ ಎಂದು ಓದಿದಾಗ ಕಾಲುವೆಗುಂಟ ಪಟಾಕಿ ಹಾರಿದವು. ಆಂಧ್ರ, ತೆಲಂಗಾಣ ಒಪ್ಪದೆ ಒಂದು ಕಲ್ಲೂ ಅಲುಗುವುದಿಲ್ಲ ಎನ್ನುವುದನ್ನು ಪಟಾಕಿ ಕೊಡಿಸಿದ ಅಣ್ಣಾರು ಹೇಳಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಇದ್ದ ಡ್ಯಾಮಿನ 19ನೇ ಗೇಟೇ ಕೊಚ್ಚಿ ಹೋಯಿತು. ಮರುವರ್ಷ ಗೇಟುಗಳನ್ನೆಲ್ಲ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಭತ್ತ ಬೆಳೆಯುವ ಮುದುಕರೊಬ್ಬರು ಅಣ್ಣಾರ ಬೆಂಚಿಗೇ ಬಂದು ಕೂತು ಕೇಳಿದರು: "ಹೊಸಾ ಡ್ಯಾಮ್ ಕಟ್ಟಸ್ತೀನಿ ಅಂದಿದ್ದೆಲ್ಲಪ್ಪಾ, ಹಳೇದಕ್ಕ ಬಾಗಿಲಾ ಹಚ್ಚಿಸು ಸಾಕು." ಅಣ್ಣಾರು ಅರ್ಧ ಮಿರ್ಚಿ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದರು.

ಆದರೆ ಅಣ್ಣಾರ ಕಸುಬಿಗೆ ನಿಜವಾದ ಪೆಟ್ಟು ಬಿದ್ದದ್ದು ಮುರಿದ ಮಾತಿನಿಂದಲ್ಲ, ನಡೆದ ಮಾತಿನಿಂದ. ಮೊದಲು ವಿಧವಾ ವೇತನ ಬೇಕಿದ್ದರೂ ಇವರ ಬೆಂಚಿಗೆ ಬರಬೇಕಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಚುನಾವಣೆ ವರ್ಷದಲ್ಲಿ ಅಣ್ಣಾರೇ ಕ್ರೂಸರ್ ಮಾಡಿ ಹೆಂಗಸರನ್ನು ಹುಲಿಗೆಮ್ಮನ ಹುಣ್ಣಿಮೆಗೆ ಕಳಿಸುತ್ತಿದ್ದರು. ಈಗ ಆ ಹೆಂಗಸರು ಆಧಾರ್ ಕಾರ್ಡು ತೋರಿಸಿ ಇವರ ಮುಂದೆಯೇ ಬಸ್ಸು ಹತ್ತುತ್ತಾರೆ, ಕಿಟಕಿಯಿಂದ ಕೈಯನ್ನೂ ಬೀಸುವುದಿಲ್ಲ. ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಗಿ 2,000 ರೂಪಾಯಿ ನೆಟ್ಟಗೆ ಖಾತೆಗೆ ಬಂದು ಬೀಳತೊಡಗಿತು. ನಡುವೆ ಯಾರೂ ಇಲ್ಲ! ಇದು ಅಣ್ಣಾರಿಗೆ ಸಹಿಸಲಾಗದ ಮಾತು. ಮನೆಮನೆಗೆ ಹೋಗಿ "ಬಂತಿಲ್ಲೋ? ಸಾಹೇಬ್ರಿಗೆ ಹೇಳಿ ನಾನs ಹಾಕ್ಸೀನಿ" ಎಂದು ಸಾರಿ ಬಂದರು.

ಅದೇ ಮುಳುವಾಯಿತು. ಕಂತು ತಡವಾದ ತಿಂಗಳು ಬ್ಯಾಂಕಿಗೂ ಹೋಗದೆ, ಅಂಗನವಾಡಿಗೂ ಹೋಗದೆ ಒಬ್ಬ ಹೆಂಗಸು ಸೀದಾ ಹೋಟೆಲಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಪಾಸ್‌ಬುಕ್ಕು ತೆಗೆದು ಚಟ್ನಿಯ ಪಕ್ಕ ಇಟ್ಟಳು.

"ಯಣ್ಣಾ, ಈ ತಿಂಗಳದ್ದು?"

ಅಣ್ಣಾರು ಕನ್ನಡಕ ಹಾಕಿ ಪಾಸ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದರು. "ಟೆಕ್ನಿಕಲ್ ಪ್ರಾಬ್ಲಂ ಐತವ್ವಾ. ಸರ್ಕಾರದ್ದು ಅದು, ನನ್ನ ಕೈಯಾಗ ಏನೈತಿ?"

"ಹಾಕಿದಾಗ ನಿನ್ನ ಕೈ, ಹಾಕದಿದ್ರ ಸರ್ಕಾರದ ಕೈ? ಚಲೋ ಐತಿ ಬಿಡು."

ಬಾಣಲೆಯ ಮುಂದಿದ್ದವನು ಜಾಲರಿ ಸೌಟು ಹಿಡಿದುಕೊಂಡೇ ನಕ್ಕ. ಅಂದು ಅಣ್ಣಾರು ಎರಡನೇ ಚಾ ಕುಡಿಯದೆ ಎದ್ದರು.

ಅವರ ಕಡೆಯ ದೂರೂ ಇದೆ, ಕೇಳದೆ ತೀರ್ಪು ಕೊಡಬಾರದು. ಬೂತುವಾರು ಲೆಕ್ಕ ಬಂದಾಗ ಅವರ ಸ್ವಂತ ಓಣಿಯಲ್ಲೇ ವೋಟು ಕಡಿಮೆ ಬಿದ್ದಿತ್ತು. ಹುಲಿಗೆಮ್ಮನ ಭಂಡಾರ ಮುಟ್ಟಿ ಮಾತು ಕೊಟ್ಟ ಮನೆಗಳು ಮೂರೂ ಪಕ್ಷದ ಕವರು ಇಸಿದುಕೊಂಡು ಮೂವರಿಗೂ ಅದೇ ಭಂಡಾರ ಮುಟ್ಟಿದ್ದವು. "ಮಂದಿ ಮ್ಯಾಲಿನ ನಂಬಿಕಿನs ಹೋಗೇತ್ರಿ" ಎಂದು ಅವರು ನಿಟ್ಟುಸಿರು ಬಿಟ್ಟಾಗ ನನಗೆ ನಗು ಬಂದರೂ ಅದು ಸುಳ್ಳಲ್ಲ.

ಇಷ್ಟಾಗಿಯೂ ಅವರ ನಂಬಿಕೆ ಪೂರಾ ಸತ್ತಿಲ್ಲ. ಸಾಹೇಬರು ಅವರಿಗೊಂದು ಮಾತು ಕೊಟ್ಟಿದ್ದಾರೆ, ಜಿಲ್ಲಾ ಪಂಚಾಯಿತಿ ಟಿಕೆಟ್. ಆ ಆಸೆಗೆ ಎರಡೆಕರೆ ಹೊಲ ಲಾವಣಿಗೆ ಹೋಗಿದೆ, ಹುಟ್ಟುಹಬ್ಬದ ಫ್ಲೆಕ್ಸುಗಳ ಬಾಕಿ ಅಂಗಡಿಯಲ್ಲಿ ಬೆಳೆದಿದೆ. ಕೇಳಿದರೆ ಸಾಹೇಬರ ಪಿಎ, "ಮೇಲಿನವರ ಗಮನಕ್ಕೆ ತಂದಾರ ಅಣ್ಣಾರ" ಅನ್ನುತ್ತಾರೆ. ಅಣ್ಣಾರು ನಂಬುತ್ತಾರೆ! ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. ಆ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಅದಾಗಿ ನಾಲ್ಕು ವರ್ಷ ಕಳೆದರೂ ಚುನಾವಣೆಯೇ ನಡೆಯಲಿಲ್ಲ, ಇನ್ನು ಟಿಕೆಟ್ ಎಲ್ಲಿಂದ?

ನಿಮ್ಮೂರ ಬೆಂಚಿನ ಮೇಲೆ ಅಣ್ಣಾರು ಕಂಡರೆ ಬೈಯಬೇಡಿ, ಒಂದು ಚಾ ಕುಡಿಸಿ. ದುಡ್ಡು ಮಾತ್ರ ನೀವೇ ಕೊಡಿ. "ಸಾಹೇಬ್ರ ಹೆಸರಿಗೆ ಬರ್ಕೋ" ಅಂದರೆ ಹೋಟೆಲಿನವನು ಈಗ ಬರೆದುಕೊಳ್ಳುವುದಿಲ್ಲ.