ಬೇಸರವೆಂಬ ಬಾರ್ಬೆಲ್

ಜಿಮ್‌ಗೆ ಹೊಸದಾಗಿ ಸೇರಲು ಬಂದವನ ತೋಳು, ಎದೆ, ಸೊಂಟಗಳನ್ನು ಟೇಪು ಹಿಡಿದು ಅಳೆಯುತ್ತಾರೆ. ಅಷ್ಟೆಲ್ಲ ಕಷ್ಟಪಡುವ ಬದಲು, ‘ಬಿಡದೆ ಎಷ್ಟು ದಿನ ಉಪ್ಪಿಟ್ಟು ತಿನ್ನಬಲ್ಲೆಯಪ್ಪಾ?’ ಎಂದು ಕೇಳಿದರೆ ಅವನ ಭವಿಷ್ಯ ಅಲ್ಲೇ ಗೊತ್ತಾಗಿಬಿಡುತ್ತದೆ. ಮೂರನೆಯ ದಿನಕ್ಕೇ ಮುಖ ಸಿಂಡರಿಸುವವನು ವರ್ಷದ ಫೀಸನ್ನು ಒಟ್ಟಿಗೆ ಕಟ್ಟದಿರುವುದು ಕ್ಷೇಮ. ಮೂವತ್ತನೆಯ ದಿನವೂ ತಟ್ಟೆಯಲ್ಲಿರುವುದು ಏನೆಂದು ನೋಡದೆ, ಪೇಪರು ಓದುತ್ತಾ ತಿಂದು ಕೈತೊಳೆಯುವವನಿದ್ದಾನಲ್ಲ, ಅವನಿಗೆ ಮೈಕಟ್ಟು ಬಂದೇ ಬರುತ್ತದೆ. ಉಪ್ಪಿಟ್ಟಿನಲ್ಲಿ ಪ್ರೋಟೀನ್ ಹೇಳಿಕೊಳ್ಳುವಷ್ಟೇನೂ ಇಲ್ಲ, ಮಾತು ಅದಲ್ಲ. ಸ್ನಾಯು ಬೆಳೆಸಲು ಹೊರಟವನಿಗೆ ಮೊದಲು ಬೇಕಾದದ್ದು ಬಲವಲ್ಲ, ದುಡ್ಡಲ್ಲ, ಡಬ್ಬಿಯಲ್ಲಿ ಬರುವ ಪುಡಿಯಂತೂ ಅಲ್ಲ. ಬೇಸರವನ್ನು ತಾಳಿಕೊಳ್ಳುವ ಶಕ್ತಿ ಎಂಬುದು ನನ್ನ ವಾದ. ಜನವರಿಯಲ್ಲಿ ಕಾಲಿಡಲು ಜಾಗವಿಲ್ಲದ ಜಿಮ್ ಯುಗಾದಿಯ ಹೊತ್ತಿಗೆ ಭಣಗುಟ್ಟುವುದು ಜನಕ್ಕೆ ಮೈ ನೋವಾಗಿ ಅಲ್ಲ. ಅವರಿಗೆ ಬೋರಾಗಿರುತ್ತದೆ.

ದೇಹ ಅನ್ನುವುದು ಹಳೇ ಕಾಲದ ಜಿಪುಣ ಶಾನುಭೋಗ. ಸ್ನಾಯು ಅದರ ಲೆಕ್ಕದಲ್ಲಿ ದುಬಾರಿ ಆಸ್ತಿ. ಕಟ್ಟಲೂ ಖರ್ಚು, ಇಟ್ಟುಕೊಳ್ಳಲೂ ಖರ್ಚು. ಇವತ್ತು ಒಂದು ದಿನ ಉತ್ಸಾಹದಲ್ಲಿ ಭಾರ ಎತ್ತಿದ್ದನ್ನು ಅದು ಅರ್ಜಿಯೆಂದು ಪರಿಗಣಿಸುವುದೇ ಇಲ್ಲ. ಅದೇ ಅರ್ಜಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸ್ವಲ್ಪ ಜಾಸ್ತಿ ತೂಕದೊಂದಿಗೆ, ತಿಂಗಳುಗಟ್ಟಲೆ ಬರುತ್ತಿದ್ದರೆ ಮಾತ್ರ, ‘ಈ ಪ್ರಾಣಿ ಬಿಡುವ ಹಾಗೆ ಕಾಣುವುದಿಲ್ಲ’ ಎಂದು ಮಂಜೂರು ಮಾಡುತ್ತದೆ. ಮೊದಲ ಕೆಲವು ವಾರಗಳಲ್ಲಂತೂ ಅದರ ಕುಯುಕ್ತಿ ನೋಡಬೇಕು. ಎತ್ತುವ ತೂಕ ಸರಸರನೆ ಏರುತ್ತದೆ, ತೋಳು ಮಾತ್ರ ಇದ್ದಷ್ಟೇ ಇರುತ್ತದೆ. ಆ ಹಂತದಲ್ಲಿ ಹೆಚ್ಚುವ ಬಲದ ಬಹುಪಾಲು ನರಮಂಡಲದ್ದು, ಸ್ನಾಯುವಿನದ್ದಲ್ಲ ಎಂದು ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 1979ರಲ್ಲೇ ತೋರಿಸಿದ್ದಾರೆ. ಇರುವ ಆಳುಗಳಿಂದಲೇ ಚೆನ್ನಾಗಿ ದುಡಿಸಿಕೊಳ್ಳಲು ಸಾಧ್ಯವಿರುವಾಗ ಹೊಸಬರನ್ನು ಏಕೆ ನೇಮಿಸಿಕೊಳ್ಳಬೇಕು? ಹೊಸಬ ಕನ್ನಡಿಯ ಮುಂದೆ ನಿಂತು ತೋಳು ಮಡಚಿ, ಬಿಚ್ಚಿ, ಬೆಳಕು ಬರುವ ಕಡೆಗೆ ತಿರುಗಿ, ಏನೂ ಕಾಣದೆ ಜಿಮ್ ಬಿಡುವುದು ಸರಿಯಾಗಿ ಈ ಘಟ್ಟದಲ್ಲಿ. ಶಾನುಭೋಗ ಗೆದ್ದ.

ಈ ಏಕತಾನವನ್ನು ವಿಜ್ಞಾನವಾಗಿಸಿದವನು ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಂಡಿ ಕೆಟ್ಟು ಆಸ್ಪತ್ರೆ ಸೇರಿದ್ದ ಸೈನಿಕರಿಗೆ ಹಗುರವಾದ ವ್ಯಾಯಾಮ ಹೇಳಿಕೊಡುವ ರೂಢಿಯನ್ನು ಬಿಟ್ಟು, ಆತ ಭಾರ ಎತ್ತಿಸಿದ. ಅದನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋದ. 1945ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಮೊದಲು ಹತ್ತು ಹತ್ತು ಸಲದ ಏಳರಿಂದ ಹತ್ತು ಸೆಟ್‌ಗಳಿದ್ದವು. 1948ರ ಹೊತ್ತಿಗೆ ಅಷ್ಟು ಬೇಡ, ಮೂರು ಸಾಕು ಎಂದ. ಇವತ್ತಿಗೂ ದಾವಣಗೆರೆಯ ಜಿಮ್ಮಾಗಲಿ, ಡಲ್ಲಾಸಿನ ಜಿಮ್ಮಾಗಲಿ, ಟ್ರೈನರ್ ಬಾಯಲ್ಲಿ ಮೊದಲು ಬರುವುದು ‘ಹತ್ತರ ಮೂರು ಸೆಟ್’ ಎಂಬ ಮಂತ್ರವೇ. ಮುಕ್ಕಾಲು ಶತಮಾನದಿಂದ ಯಾರಿಗೂ ಇದಕ್ಕಿಂತ ಸ್ವಾರಸ್ಯವಾದದ್ದು ಹೊಳೆದಿಲ್ಲ. ಲೆಕ್ಕವೂ ಅಷ್ಟೇ ನೀರಸ. ಬರೀ ಬಾರ್‌ನ ತೂಕ 20 ಕಿಲೋ. ಆಚೆ ಈಚೆ ಒಂದೂಕಾಲು ಕಿಲೋದ ಪುಟ್ಟ ಪ್ಲೇಟ್ ಸೇರಿಸಿದರೆ ವಾರಕ್ಕೆ ಎರಡೂವರೆ ಕಿಲೋ. ಹಾಗೆ 16 ವಾರ ಮಾಡಿದವನ ಹೆಗಲ ಮೇಲೆ ಸ್ಕ್ವಾಟ್‌ನಲ್ಲಿ 60 ಕಿಲೋ ಕೂತಿರುತ್ತದೆ. ಆದರೆ ಆ ಪುಟ್ಟ ಪ್ಲೇಟನ್ನು ಹಾಕಿಕೊಳ್ಳಲು ಹೊಸಬರಿಗೆ ನಾಚಿಕೆ. ಪಕ್ಕದವನು ನೋಡುತ್ತಾನೆಂದು ಹತ್ತು ಕಿಲೋದ್ದನ್ನೇ ಏರಿಸಿ, ಬೆನ್ನು ಹಿಡಿಸಿಕೊಂಡು, ಮೂರು ವಾರ ಮನೆಯಲ್ಲಿ ನೀಲಗಿರಿ ಎಣ್ಣೆಯ ವಾಸನೆ ಹರಡುತ್ತಾರೆ.

ಇಲ್ಲಿ ಒಂದು ಆಕ್ಷೇಪ ಎದ್ದೇಳುತ್ತದೆ. ಒಂದೇ ವ್ಯಾಯಾಮ ಮಾಡುತ್ತಿದ್ದರೆ ಸ್ನಾಯುವಿಗೆ ಅಭ್ಯಾಸವಾಗಿಬಿಡುತ್ತದಂತೆ, ಆಗಾಗ ಬದಲಾಯಿಸಿ ಅದನ್ನು ಗೊಂದಲಕ್ಕೆ ಕೆಡವಬೇಕಂತೆ. ಸ್ನಾಯುವಿಗೆ ಗೊಂದಲವಾಗುವಷ್ಟು ಬುದ್ಧಿ ಇಲ್ಲ. ಗೊಂದಲವಾಗುವುದು ಲೆಕ್ಕ ಬರೆದಿಡುವವನಿಗೆ. ಸೋಮವಾರ ಹಗ್ಗ ಬೀಸಿ, ಬುಧವಾರ ಟಯರು ಉರುಳಿಸಿ, ಶುಕ್ರವಾರ ರಬ್ಬರ್ ಚೆಂಡಿನ ಮೇಲೆ ಕೂತು ತೂಗಾಡಿದವನಿಗೆ ಕಳೆದ ವಾರಕ್ಕಿಂತ ಈ ವಾರ ಎಷ್ಟು ಜಾಸ್ತಿ ಎತ್ತಿದೆ ಎಂದು ಹೇಗೆ ಗೊತ್ತಾಗಬೇಕು? ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ಓವರ್‌ಹೆಡ್ ಪ್ರೆಸ್ ಎಂಬ ಐದಾರು ಸವೆದ ದಾರಿಗಳೇ ಹೊಸಬನಿಗೆ ಮೊದಲ ವರ್ಷಕ್ಕೆ ಧಾರಾಳ. ನಮ್ಮ ಗರಡಿಮನೆಗೆ ಈ ಸತ್ಯ ಗೊತ್ತಿತ್ತು. ದಂಡ, ಬಸ್ಕಿ, ಗದೆ, ಮಟ್ಟಿ ಕೆದಕುವುದು, ಮಾರನೆಯ ದಿನ ಮತ್ತೆ ದಂಡ, ಬಸ್ಕಿ, ಗದೆ. ‘ಉಸ್ತಾದರೇ, ಇವತ್ತು ಏನಾದರೂ ಹೊಸದು’ ಎಂದು ಕೇಳಿದ ಪೈಲ್ವಾನನಿಗೆ ಇನ್ನೂ ನೂರು ಬಸ್ಕಿ ಸಿಗುತ್ತಿದ್ದವು, ಹೊಸದಾಗಿ. ಬೇಸರವನ್ನು ಗರಡಿ ಭಯದಿಂದ, ಭಕ್ತಿಯಿಂದ ಆಳಿತು. ಗೋಡೆಯ ಮೇಲಿನ ಹನುಮಂತ ಸಾಕ್ಷಿಗಿದ್ದ. ಜಿಮ್ ಅದನ್ನು ಜೋರು ಹಾಡು, ಬಣ್ಣದ ದೀಪ, ನಾಲ್ಕೂ ಕಡೆ ಕನ್ನಡಿಗಳಿಂದ ಮರೆಸಲು ನೋಡುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಕಾಲ ನಡೆದೀತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಸೂರ್ಯನಮಸ್ಕಾರವನ್ನೂ ಬಾರ್ಬೆಲನ್ನೂ ಒಟ್ಟಿಗೆ ಕಲಿಸಿದರು, ಅಂಚೆಯ ಮೂಲಕವೂ ಪಾಠ ಹೇಳಿದರು. ಅದೇ ಅಯ್ಯರ್ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಇದರಲ್ಲಿ ಅಚ್ಚರಿಯೇನಿಲ್ಲ. ದಿನಾ ಅದೇ ಕುರ್ಚಿಯಲ್ಲಿ ಕೂತು ದಪ್ಪ ಕಾದಂಬರಿಯನ್ನು ಮುಗಿಸಬಲ್ಲವನಿಗೆ ದಿನಾ ಅದೇ ಕಬ್ಬಿಣ ಎತ್ತುವುದು ಯಾವ ಮಹಾ!

ಇನ್ನು ಊಟ. ಬೇಸರದ ನಿಜವಾದ ರಣರಂಗ ಇದು. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು: ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದ್ದೂ 22.3. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ನರದ್ದು ಶೇ. 9.1, ನಮ್ಮ ಯಾಜ್ಞಿಕರದ್ದು ಶೇ. 21.2. ತೋಳು ಕಡ್ಡಿ, ಹೊಟ್ಟೆ ಗುಡಾಣ ಎಂಬ ನಮ್ಮ ರಾಷ್ಟ್ರೀಯ ಮೈಮಾಟಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಬೇಕಿಲ್ಲ. ಇದಕ್ಕೆ ಕಾರಣಗಳು ಹಲವು, ತಟ್ಟೆಯೂ ಅವುಗಳಲ್ಲೊಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ಸಾಮಾನ್ಯನಿಗೆ ಬೇಕಾದ ಪ್ರೋಟೀನ್ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವನಿಗೆ ಸುಮಾರು 1.6 ಗ್ರಾಂವರೆಗೆ ಲಾಭವಿದೆ, ಅದರ ಮೇಲೆ ತಿಂದದ್ದರಿಂದ ಸ್ನಾಯುವಿಗೆ ಹೆಚ್ಚಿನ ಪ್ರಯೋಜನ ಕಾಣುವುದಿಲ್ಲ ಎಂದು 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು ಹೇಳುತ್ತದೆ. ಅಂದರೆ 60 ಕಿಲೋದ ಹುಡುಗನಿಗೆ 96 ಗ್ರಾಂ. ಈಗ ಅವನ ತಟ್ಟೆ ನೋಡಿ. ಒಂದು ಇಡ್ಲಿಯಲ್ಲಿ ಎರಡು ಗ್ರಾಂ ಸಿಕ್ಕರೆ ಪುಣ್ಯ. ಮಧ್ಯಾಹ್ನ ಬೆಟ್ಟದಷ್ಟು ಅನ್ನ, ಅದರ ಮೇಲೆ ಬೇಳೆಯ ನೆನಪು ಮಾತ್ರ ಉಳಿದಿರುವ ತಿಳಿಸಾರು. ಸಂಜೆ ಕಾಫಿ, ಕೋಡುಬಳೆ. ರಾತ್ರಿ ಮತ್ತೆ ಬೆಟ್ಟ.

ಹಿಟ್ಟು ತಿಂದವನು ಬೆಟ್ಟ ಕೀಳುತ್ತಾನೆಂಬ ಗಾದೆಯನ್ನು ಹಿಡಿದುಕೊಂಡು ಹಳೇ ಮೈಸೂರಿನ ಕಡೆಯವರು ಇಲ್ಲಿ ವಾದಕ್ಕೆ ಬರುತ್ತಾರೆ. ರಾಗಿಯ ಮೇಲೆ ನನಗೆ ಗೌರವವಿದೆ. ಅದರಲ್ಲಿರುವಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಇಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಏಳು ಗ್ರಾಂ ಆಸುಪಾಸು. ಬೆಟ್ಟ ಕೀಳುವ ಕಸುವನ್ನು ಮುದ್ದೆ ಕೊಡುತ್ತದೆ ನಿಜ, ತೋಳು ಕಟ್ಟುವ ಸಾಮಗ್ರಿ ಇರುವುದು ಅದರ ಪಕ್ಕದಲ್ಲಿ. ಹುರುಳಿಕಾಳಿನಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ. ಬಸ್ಸಾರು ಮಾಡುವಾಗ ಕಟ್ಟು ಬಸಿದು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಹೊಗಳಿಕೆಯೆಲ್ಲ ಸಾರಿಗೆ, ಪ್ರೋಟೀನೆಲ್ಲ ಪಲ್ಯದಲ್ಲಿ. ಸಾರು ಸುರಿದುಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವವನು ತನ್ನ ತೋಳನ್ನೇ ಅಂಚಿಗೆ ತಳ್ಳುತ್ತಿದ್ದಾನೆ. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಜಾಣರು. ಶೇಂಗಾ ಹಿಂಡಿ, ಗಟ್ಟಿ ಮೊಸರು, ಮಡಕಿಕಾಳು ಪಲ್ಯ ರೊಟ್ಟಿಯ ಜೊತೆ ಹೇಳದೆಯೇ ಬಂದು ಕೂರುತ್ತವೆ. ಮೂರು ಮೊಟ್ಟೆಗೆ 18 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಶೇಂಗಾಕ್ಕೆ ಏಳೆಂಟು, 30 ಗ್ರಾಂ ಸೋಯಾ ಚಂಕ್ಸ್‌ಗೆ 15. ಲೆಕ್ಕ ಕಷ್ಟವಲ್ಲ. ಇವತ್ತು ತಿಂದದ್ದನ್ನೇ ನಾಳೆಯೂ, ನಾಡಿದ್ದೂ, ಅತ್ತೆ ಮನೆಯಲ್ಲಿ ಹೋಳಿಗೆ ಮಾಡಿದ ದಿನವೂ ತಿನ್ನಬೇಕಲ್ಲ, ಅದು ಕಷ್ಟ.

ಮಾಂಸ ತಿನ್ನದವರಿಗೆ ಇದೆಲ್ಲ ಆಗುವ ಮಾತಲ್ಲ ಎಂಬ ಆಕ್ಷೇಪ ಮೇಲಿನ ಪಟ್ಟಿಯಲ್ಲೇ ಬಿದ್ದುಹೋಯಿತು. ಕೋಳಿ ತಿನ್ನುವವನಿಗೆ ದಾರಿ ಚಿಕ್ಕದು, ಅಷ್ಟೇ. ಪ್ರೋಟೀನ್ ತಿಂದರೆ ಕಿಡ್ನಿ ಹೋಗುತ್ತದೆ ಎಂಬುದು ಮನೆಮನೆಯ ದೊಡ್ಡಪ್ಪಂದಿರ ಖಾಯಂ ಎಚ್ಚರಿಕೆ. ಮೊದಲೇ ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಜ್ಜೆ ಇಡಬಾರದು. ಆರೋಗ್ಯವಾಗಿರುವವನ ಕಿಡ್ನಿಗೆ ಈ ಪ್ರಮಾಣದಿಂದ ಹಾನಿಯಾದ ಪುರಾವೆ ಇಲ್ಲ. ಅದೇ ದೊಡ್ಡಪ್ಪ ಮದುವೆ ಮನೆಯಲ್ಲಿ ಎಂಟನೆಯ ಜಿಲೇಬಿಗೆ ಕೈ ಚಾಚುವಾಗ ಯಾವ ಅಂಗದ ಚಿಂತೆಯನ್ನೂ ಮಾಡುವುದಿಲ್ಲ ಎಂಬುದನ್ನು ಸುಮ್ಮನೆ ಗಮನಕ್ಕೆ ತರುತ್ತೇನೆ. ವೇ ಪ್ರೋಟೀನ್ ಪುಡಿ ವಿಷವೂ ಅಲ್ಲ, ಅಮೃತವೂ ಅಲ್ಲ. ಹಾಲು ಒಡೆದಾಗ ಉಳಿಯುವ, ಅಮ್ಮಂದಿರು ಚಪಾತಿ ಹಿಟ್ಟಿಗೆ ಸುರಿಯುವ ತಿಳಿನೀರನ್ನೇ ಸೋಸಿ ಒಣಗಿಸಿದ್ದು. ಡಬ್ಬಿಯೊಳಗೇ ಬರುವ ಅಳತೆಯ ಸ್ಕೂಪ್ ಒಂದರಲ್ಲಿ ಸುಮಾರು ನಾಲ್ಕು ಮೊಟ್ಟೆಯಷ್ಟು ಪ್ರೋಟೀನ್ ಇರುತ್ತದೆ. ಅದಕ್ಕೆ ಚಾಕೊಲೇಟು, ಮಾವು, ಕಾಫಿ ಎಂದು ರುಚಿಗಳ ಸಾಲು ಸಾಲೇ ಇರುವುದನ್ನು ನೋಡಿದರೆ ಆ ಕಂಪನಿಗಳು ನಿಜಕ್ಕೂ ಏನನ್ನು ಮಾರುತ್ತಿವೆ ಎಂಬುದು ತಿಳಿಯುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಮೈ ಬರುವುದು ಹುಟ್ಟಿನಿಂದ, ಬೇಸರ ತಾಳುವುದರಿಂದಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 585 ಮಂದಿಗೆ ಒಂದೇ ತೋಳಿನ ವ್ಯಾಯಾಮವನ್ನು 12 ವಾರ ಒಂದೇ ರೀತಿ ಮಾಡಿಸಿದರು. ಕೆಲವರ ತೋಳಿನ ಸ್ನಾಯು ಶೇ. 59ರವರೆಗೆ ಹಿಗ್ಗಿತು. ಕೆಲವರದ್ದು ಹಿಗ್ಗುವುದಿರಲಿ, ಶೇ. 2ರಷ್ಟು ಕುಗ್ಗಿತು! ದೇವರು ಬಡಿಸುವಾಗ ಪಂಕ್ತಿಭೇದ ಮಾಡುತ್ತಾನೆ, ಒಪ್ಪಿದೆ. ಆದರೆ ಹೆಚ್ಚಿನವರು ಈ ಎರಡು ತುದಿಗಳ ನಡುವೆ, ಸಾಧಾರಣವಾಗಿ ಬೆಳೆದವರ ಗುಂಪಿನಲ್ಲಿದ್ದರು. ಅಲ್ಲದೆ ತಾನು ಯಾವ ಗುಂಪಿನವನು ಎಂದು ತಿಳಿಯಲು ಕೂಡ 12 ವಾರ ಬಿಡದೆ ಮಾಡಿಯೇ ನೋಡಬೇಕು. ಮೂರನೆಯ ವಾರಕ್ಕೆ ಬಿಟ್ಟವನಿಗೆ ತನ್ನ ವಂಶವಾಹಿಯನ್ನು ಬೈಯುವ ಅಧಿಕಾರವೂ ದಕ್ಕುವುದಿಲ್ಲ. ‘ನಮಗೆ ವಯಸ್ಸಾಯಿತು’ ಎನ್ನುವವರಿಗೆ 1990ರ ಒಂದು ಪ್ರಯೋಗವಿದೆ. ಬಾಸ್ಟನ್ನಿನ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಅಜ್ಜ ಅಜ್ಜಿಯರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದಾಗ, ಪೂರ್ತಿ ಮಾಡಿದವರ ಬಲ ಸರಾಸರಿ ಶೇ. 174ರಷ್ಟು ಏರಿತು. ಮೂವತ್ತೈದಕ್ಕೇ ‘ಇನ್ನೇನು ನಮ್ಮ ಕಾಲ ಮುಗಿಯಿತು’ ಎಂದು ಸೋಫಾದಲ್ಲಿ ಒರಗುವವರು ಆ ಅಜ್ಜಿಯರ ಎದುರು ಈ ಮಾತನ್ನು ಆಡದಿರುವುದು ಒಳ್ಳೆಯದು.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ನಾಯು ಬೆಳೆಯುವುದು ಎತ್ತುವಾಗ ಅಲ್ಲ, ಎತ್ತಿದ ನಂತರದ ಒಂದೆರಡು ದಿನಗಳ ವಿಶ್ರಾಂತಿಯಲ್ಲಿ. ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಇತರರ ಸ್ನಾಯುಗಳನ್ನು ನೋಡುತ್ತಾ ಮಲಗಿರುವುದು ಈ ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಬೇಸರಪಟ್ಟು ಸಿಗುವುದೇನು, ಒಂದು ಟೈಟ್ ಟೀ-ಶರ್ಟೇ ಎಂದು ಕೇಳಬಹುದು. ಅದಷ್ಟೇ ಆಗಿದ್ದರೆ ನಾನೂ ಕೋಡುಬಳೆಯ ಪಕ್ಷವನ್ನೇ ವಹಿಸುತ್ತಿದ್ದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಸ್ನಾಯು. ಮನೆಗೊಬ್ಬರು ಸಕ್ಕರೆ ಕಾಯಿಲೆಯವರಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು, ನೆಲದಿಂದ ಏಳುವುದು. ಬ್ರೆಜಿಲ್‌ನ ವೈದ್ಯರು 51ರಿಂದ 80 ವಯಸ್ಸಿನ 2002 ಮಂದಿಯನ್ನು ನೆಲದ ಮೇಲೆ ಕೂರಿಸಿ, ಏಳಿಸಿ, ಕೈ ಮಂಡಿ ಊರಿದ್ದಕ್ಕೆಲ್ಲ ಅಂಕ ಕಳೆದು, ಆಮೇಲೆ ವರ್ಷಗಟ್ಟಲೆ ಗಮನಿಸಿದರು. ಊರದೆ ಎದ್ದವರಿಗಿಂತ ತುಂಬ ಊರಿ ಎದ್ದವರಲ್ಲಿ ಸಾವು ಹೆಚ್ಚಿತ್ತೆಂದು 2012ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಈ ಪರೀಕ್ಷೆ ಪ್ರತಿ ಮದುವೆಯ ಪಂಕ್ತಿಯಲ್ಲೂ ಪುಕ್ಕಟೆಯಾಗಿ ನಡೆಯುತ್ತದೆ. ಎಲೆ ಮಡಚಿದ ಮೇಲೆ ಯಾರು ಪಕ್ಕದವರ ಹೆಗಲಿಗೆ ಕೈ ಹಾಕುತ್ತಾರೆ ಎಂದು ನೋಡಿದರಾಯಿತು. ಹಾಗೆ ಏಳಿಸುವ ಕೆಲಸ ತೊಡೆಯದ್ದು, ಬೈಸೆಪ್ಸಿನದ್ದಲ್ಲ. ಆದ್ದರಿಂದ ಲೆಗ್ ಡೇ ತಪ್ಪಿಸಬೇಡಿ ಎಂದು ಹೇಳಬೇಕಾಗಿದೆ, ಒಂದು ತಿದ್ದುಪಡಿಯೊಂದಿಗೆ. ಹೊಸಬರಿಗೆ ಕಾಲಿನ ನೋವು ವಿಪರೀತವಾಗುವುದು ಮಾಡಿದ ದಿನವಲ್ಲ, ಒಂದೆರಡು ದಿನ ಕಳೆದ ಮೇಲೆ. ಭಾನುವಾರ ಪಂಕ್ತಿ ಊಟವಿದ್ದರೆ ಶುಕ್ರವಾರ ಸ್ಕ್ವಾಟ್ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡೇಬಿಟ್ಟಿದ್ದರೆ, ಟೇಬಲ್ ಊಟದ ಕಡೆ ಮೊದಲೇ ಒಂದು ಜಾಗ ಹಿಡಿದುಕೊಳ್ಳಿ.